ನೂರು ವರ್ಷ ಮಲಗಬೇಕಿದ್ದ ಕಾವಲುಗಾರ

ಅಕ್ಕನ ಮಗಳೂ ನಾಟಕ ತಂಡದ ಯಜಮಾನಿಯೂ ಆದ ನಿನಗೆ ಮಾವನ ಆಶೀರ್ವಾದ.

ಮೂರು ದೇಶದ ರಾಜರು ನನ್ನ ಹಾಡು ಕೇಳಿ ಕಿರೀಟ ಕಳಚಿಟ್ಟಿದ್ದಾರೆ. ಅಂಥವನನ್ನು ಕಾವಲುಗಾರನ ಪಾತ್ರದಿಂದ ಕಿತ್ತುಹಾಕಿದೆಯಲ್ಲ, ಏನಮ್ಮಾ ನಿನ್ನ ಧೈರ್ಯ? ಅರಮನೆಯೆಲ್ಲ ನೂರು ವರ್ಷ ನಿದ್ದೆಹೋಗುವ ದೃಶ್ಯದಲ್ಲಿ ನಾನೂ ತೆಪ್ಪಗೆ ಬಿದ್ದುಕೊಂಡಿದ್ದೆ. ರಾಜಕುಮಾರನ ವೇಷದ ಆ ದರ್ಜಿ ಹಾಡು ಮರೆತು ಬೆಬ್ಬೆಬ್ಬೆ ಅಂದರೆ ನಾನೇನು ಮಾಡಲಿ? ಮಲಗಿದಲ್ಲಿಂದಲೇ ಪೂರ್ತಿ ಹಾಡಿ ಮುಗಿಸಿದೆ. ಮಲಗಿದ್ದ ರಾಜಕುಮಾರಿಯೂ ಎದ್ದು ಕೂತು ನಕ್ಕಳು. ಹಾಡಿ ನಗಿಸುವ ನಾಟಕ ತಾನೇ ಇದು? "ಮಾವ, ನಿಮಗೆ ಸುಮ್ಮನಿರೋಕೇ ಬರಲ್ಲ" ಅಂತ ಎಲ್ಲರೆದುರು ಅಂದೆಯಲ್ಲ!

ನಾಳೆ ಪಾತ್ರ ವಾಪಸು ಕೊಡು, ತುಟಿ ಬಿಚ್ಚುವುದಿಲ್ಲ. ದೃಶ್ಯ ಮುಗಿಯುವವರೆಗೆ ಸುಮ್ಮನಿರುತ್ತೇನೆಂದು ದರ್ಜಿಯೊಡನೆ ಬಾಜಿ ಕಟ್ಟಿದ್ದೆ. ಆ ಕಳ್ಳ ಬೇಕೆಂದೇ ಹಾಡು ಮರೆತ. ಸೋತದ್ದು ಐವತ್ತು ರೂಪಾಯಿ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ. ನಿಜಕ್ಕೂ ಹೋದದ್ದು ಎರಡು ಸಾವಿರ.

ಸಿಟ್ಟಿನಲ್ಲಿರುವ,
ನಿನ್ನ ಸೋದರಮಾವ