ಅರ್ಧ ತಿಪ್ಪಿ

ಏನ್ರೀ,

ತಿಪ್ಪಿಗೆ ಅಷ್ಟು ನೀರು ಯಾಕ ಸುರುವಿದ್ರಿ? ಬೆಂಕಿ ಹತ್ತೇತಿ ಅಂತ ಹೆದರಿದ್ರಂತ, ಬಾಜೂಮನಿ ಗೋದುಬಾಯಿ ಹೇಳಿದ್ಲು. ಅದು ಹೊಗಿ ಅಲ್ಲ, ಉಗಿ. ಎಮ್ಮಿ ಸಗಣಿ, ಅದರ ಕಾಲಾಗ ಹಾಸಿದ ಒಣ ಎಲಿ, ಎಲ್ಲಾನೂ ಕಣ್ಣಿಗೆ ಕಾಣದ ಜೀವ ತಿಂತಾವ. ತಿನ್ನೂ ಮುಂದ ತಿಪ್ಪಿ ಬಿಸಿ ಆಗ್ತೈತಿ. ನೀರು ಹೆಚ್ಚಾದ್ರ ಅವಕ್ಕ ಉಸಿರು ಕಟ್ಟತೈತಿ, ಅದಕ್ಕ ಈಗ ನಾರಾಕತ್ತೈತಿ.

ತೊಯ್ದ ಕಡೆ ಇವತ್ತ ತಿರುವಿ ಹಾಕ್ರಿ, ಒಣ ಎಲಿ ಕೂಡಸ್ರಿ. ಎರಡು ದಿನ ಬಿಟ್ಟು ಕಬ್ಬಿಣದ ಸಳಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಗದು ಮುಟ್ಟಿ ನೋಡ್ರಿ. ಬಿಸಿ ಇದ್ರ ಆ ಜೀವ ಬದುಕ್ಯಾವ.

ರೊಟ್ಟಿ ಬುಟ್ಟ್ಯಾಗ ಅದಾವ. ನೀವು ಮಿಲ್ಲಿನಿಂದ ಬರೂತನಕ ಕುಂದ್ರಬೇಕಂತ ಇತ್ತು, ಆದ್ರ ಅಣಶಿಗೆ ಹೋಗೂ ಬಸ್ಸು ತಪ್ಪಿದ್ರ ಅಲ್ಲಿ ರೆಸಾರ್ಟಿನ್ಯಾಗ ನನ್ನ ಬಿಟ್ರ ಅಡಗಿ ಮಾಡಾವ್ರಿಲ್ಲ. ನನ್ನ ಸೂಟಿ ಬುಧವಾರ, ನಿಮ್ಮದು ರವಿವಾರ. ಒಬ್ಬರ ಮಾರಿ ಒಬ್ಬರು ನೋಡಿ ಮೂರು ತಿಂಗಳಾತು. ಇದನ್ನ ಬರಿಯೂ ಮೊದಲ ತಿಪ್ಪಿ ತೊಯ್ಯದ ಕಡೆ ಕೈ ಇಟ್ಟು ನಿಂತಿದ್ದೆ. ಬೆಚ್ಚಗಿತ್ತು.

ನೀರು ಬೀಳದ ಅರ್ಧ ಮಾತ್ರ ಮುಟ್ಟಬ್ಯಾಡ್ರಿ. ಈ ರವಿವಾರ ನನಗೂ ಸೂಟಿ ಕೊಟ್ಟಾರ. ಅದನ್ನ ಇಬ್ಬರೂ ಕೂಡಿ ತಿರುವೂಣು. ಒಂದು ತಾಸಿನ ಕೆಲಸ, ಸಂಜೀತನಕಾ ಮಾಡೂಣು.

ನಿರ್ಮಲಾ