ಮೊದಲ ಹತ್ತು ಸೆಕೆಂಡು

ನರ್ಸಿಂಗ್ ಹಾಸ್ಟೆಲ್, ರೂಮ್ ನಂಬರ್ ೧೪
ಶನಿವಾರ, ಆರನೇ ತಾರೀಖು

ಪ್ರೀತಿಯ ಅಮ್ಮಾ,

ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಚಿಕ್ಕಮ್ಮ ಬಂದು ಹೋದರೇ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆದಿಲ್ಲ, ಮೂರು ಸಲ ಫೋನ್ ಮಾಡಿದರೂ ಎತ್ತಿಲ್ಲ. ಮುನಿಸಿಕೊಳ್ಳಬೇಡ. ಫೋನ್ ಕಿವಿಗಿಟ್ಟ ತಕ್ಷಣ ನನ್ನ ದನಿ ಬದಲಾಗಿಬಿಡುತ್ತದೆ. ಹಳೆಯ ಆಫೀಸಿನ ಆ ಸಕ್ಕರೆ ಪಾಕದ ದನಿ. ಆ ದನಿಯಲ್ಲಿ ನಿನ್ನ ಹತ್ತಿರ ಮಾತಾಡುವುದು ನನಗೆ ಬೇಡ. ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷು. ತಪ್ಪಿದ್ದಲ್ಲಿ ನೀನೇ ತಿದ್ದಿಕೋ.

ಮೊದಲು ಒಳ್ಳೆಯ ಸುದ್ದಿ. ಅನಾಟಮಿ ಟೆಸ್ಟಿನಲ್ಲಿ ಪಾಸಾದೆ. ಕ್ಲಾಸಿನಲ್ಲಿ ಎಲ್ಲರಿಗೂ ಹದಿನೆಂಟು ವರ್ಷ, ನನಗೊಬ್ಬಳಿಗೆ ಇಪ್ಪತ್ತಾರು. ಹುಡುಗಿಯರು ನನಗೆ 'ಅಜ್ಜಿ' ಎಂದು ಹೆಸರಿಟ್ಟಿದ್ದಾರೆ. "ಅಜ್ಜೀ, ನಿಮ್ ಕಾಲದಲ್ಲಿ ಥರ್ಮಾಮೀಟರ್ ಇತ್ತಾ?" ಎಂದು ರೂಮ್‌ಮೇಟ್ ಕೇಳುತ್ತಾಳೆ. ಆದರೆ ಹಾಸಿಗೆಯ ಬೆಡ್‌ಶೀಟ್ ಮೂಲೆ ಮಡಿಚುವುದರಲ್ಲಿ ಅಜ್ಜಿಯೇ ಫಸ್ಟು. ಹನ್ನೆರಡು ವರ್ಷದ ಸ್ಕೂಲ್ ಹಾಸ್ಟೆಲ್ ದಂಡವಾಗಿಲ್ಲ.

ಈಗ ಕೆಟ್ಟ ಸುದ್ದಿ. ಸೋಮವಾರ ಹತ್ತು ಗಂಟೆಗೆ ನನ್ನ ವಿಚಾರಣೆ. ಕಾಲೇಜಿನಿಂದ ತೆಗೆದರೂ ತೆಗೆಯಬಹುದು.

ಗುರುವಾರ ನನಗೆ ಸರ್ಜರಿ ವಾರ್ಡು. ಒಂಬತ್ತನೇ ಬೆಡ್ಡಿನ ತಾತನಿಗೆ ಬೆಳಿಗ್ಗೆಯಷ್ಟೇ ಆಪರೇಷನ್ ಆಗಿತ್ತು. ಮಧ್ಯಾಹ್ನ ವಾರ್ಡ್ ಸಿಸ್ಟರ್ ಚೀಟಿ ನೋಡಿ, ಹೆಸರು ಕೇಳಿ, ಮಾತ್ರೆ ಕೊಟ್ಟರು. ನಾನು ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸಿಸ್ಟರ್ ಆ ಕಡೆ ಹೋದರು, ತಾತ ವಾಂತಿ ಮಾಡಿಕೊಂಡರು. ತಾತನ ಮಗಳು ನನ್ನ ಮೇಲೆ ಹರಿಹಾಯ್ದರು.

"ಯಾವ ಮಾತ್ರೆ ಕೊಟ್ರಿ? ಬೇರೆಯವರ ಮಾತ್ರೆ ನುಂಗಿಸಿದೀರಾ ನಮ್ಮಪ್ಪಂಗೆ?"

ಆಗ ನನ್ನ ಬಾಯಿ ಏನು ಹೇಳಿತು ಗೊತ್ತೇ? "ನಿಮಗಾದ ತೊಂದರೆಗೆ ಕ್ಷಮಿಸಿ ಮೇಡಂ. ತಪ್ಪು ನಮ್ಮ ಕಡೆಯಿಂದಲೇ ಆಗಿದೆ. ತಕ್ಷಣ ಸರಿಪಡಿಸ್ತೀವಿ." ಅಷ್ಟು ಸಾಲದು ಅಂತ ಕೊನೆಗೆ, "ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಮೇಡಂ?"

ಅವರ ಕೈಯಲ್ಲಿ ಫೋನ್ ಇತ್ತು. ಎಲ್ಲ ರೆಕಾರ್ಡ್ ಆಗಿತ್ತು.

ಕಾಲ್ ಸೆಂಟರಿನಲ್ಲಿ ಏಳು ವರ್ಷ ಅದೇ ನಮ್ಮ ರೂಲ್, ಅಮ್ಮ. ಕರೆ ಬಂದ ಮೊದಲ ಹತ್ತು ಸೆಕೆಂಡಿನೊಳಗೆ ಸಾರಿ ಕೇಳಬೇಕು. ತಪ್ಪು ಯಾರದೆಂದು ಯೋಚಿಸುವ ಹಾಗಿಲ್ಲ. "ಮೊದಲು ಸಾರಿ, ಆಮೇಲೆ ಕಂಪ್ಲೇಂಟ್ ನಂಬರ್," ಎನ್ನುತ್ತಿದ್ದರು ಟೀಮ್ ಲೀಡರ್. ಹತ್ತು ದಾಟಿದರೆ ಸ್ಕ್ರೀನ್ ಕೆಂಪಾಗುತ್ತಿತ್ತು. ದಿನಕ್ಕೆ ನೂರು ಕರೆ. ಕೊನೆಯ ವರ್ಷ ಬಾತ್‌ರೂಮ್ ಬಾಗಿಲಿಗೆ ಹಣೆ ತಗುಲಿದಾಗ ಬಾಗಿಲಿಗೇ ಸಾರಿ ಎಂದಿದ್ದೆ. ಅದಾದ ವಾರಕ್ಕೆ, ಹೆಡ್‌ಸೆಟ್ ಹಾಕಿಕೊಂಡು ಕೂತವಳಿಗೆ ಬಾಯಿಯೇ ಬಿಡಲಾಗಲಿಲ್ಲ. ಆ ಕಡೆ ಯಾರೋ ಹಲೋ ಹಲೋ ಎನ್ನುತ್ತಿದ್ದರು, ಸ್ಕ್ರೀನ್ ಕೆಂಪಾಗಿತ್ತು, ನಾನು ಸುಮ್ಮನೆ ನೋಡುತ್ತಿದ್ದೆ. ಕೆಲಸ ಬಿಟ್ಟು ಮನೆಗೆ ಬಂದಾಗ ನೀನು, "ಏಸಿ ರೂಮಲ್ಲಿ ಕೂತು ಮಾತಾಡೋದಕ್ಕೂ ಸುಸ್ತಾ?" ಎಂದೆ. ಒಂದು ವರ್ಷ ಗೋಡೆ ನೋಡುತ್ತ ಮಲಗಿದೆ. ಮುಖ ನೋಡಿ ಮಾಡುವ ಕೆಲಸ ಬೇಕು ಎಂದು ಇಲ್ಲಿಗೆ ಬಂದೆ. ಬಂದು ಮೂರು ತಿಂಗಳಿಗೆ ಹೀಗೆ.

ವಾಂತಿ ಆಗಿದ್ದು ಅರಿವಳಿಕೆಯಿಂದ, ಮಾತ್ರೆಯಿಂದಲ್ಲ ಎಂದು ಡಾಕ್ಟರ್ ಹೇಳಿದರು. ಮಾರನೆಯ ದಿನ ತಾತ ಎದ್ದು ಕೂತು ಪೇಪರ್ ಓದುತ್ತಿದ್ದರು. ಮಗಳು ಬಿಡಲಿಲ್ಲ. "ನರ್ಸೇ ಒಪ್ಕೊಂಡಿದಾಳಲ್ಲ!" ಎಂದು ದೂರು ಕೊಟ್ಟರು. ಈಗ ಕತ್ತಿ ತೂಗುತ್ತಿರುವುದು ನನ್ನ ಮೇಲಷ್ಟೇ ಅಲ್ಲ, ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಆ ಸಿಸ್ಟರ್ ಮೇಲೂ.

ಸಿಸ್ಟರ್ ನನ್ನನ್ನು ಬಟ್ಟೆ ಇಡುವ ಲಿನನ್ ರೂಮಿಗೆ ಕರೆದರು.

"ಏನಮ್ಮಾ, ನಾನು ಕೊಟ್ಟ ಮಾತ್ರೆ ತಪ್ಪು ಅಂತ ನಿನಗ್ಯಾರು ಹೇಳಿದ್ರು?"

"ಯಾರೂ ಇಲ್ಲ ಸಿಸ್ಟರ್. ಸಾರಿ."

"ನೋಡು, ಮತ್ತೆ! ನಿನ್ನ ಬಾಯಿಗೊಂದು ಪ್ಲಾಸ್ಟರ್ ಹಾಕ್ಲಾ?"

ಬೈದಿದ್ದರೆ ಚೆನ್ನಾಗಿತ್ತು. ಮಡಿಚಿದ ಟವೆಲನ್ನೇ ಮತ್ತೆ ಬಿಡಿಸಿ ಮಡಿಚುತ್ತಿದ್ದರು.

ಎರಡು ದಿನದಿಂದ ಊಟ ಸೇರುತ್ತಿಲ್ಲ. ಪತ್ರ ಈಗಲೇ ಹಾಕುವುದಿಲ್ಲ. ಸೋಮವಾರದ್ದೂ ಸೇರಿಸಿ ಹಾಕುತ್ತೇನೆ.

ಸೋಮವಾರ, ಮಧ್ಯಾಹ್ನ

ಅಮ್ಮ, ಮುಗಿಯಿತು. ರೂಮಿಗೆ ಬಂದವಳೇ ಬರೆಯಲು ಕೂತೆ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.

ಪ್ರಿನ್ಸಿಪಾಲ್ ಮೇಡಂ, ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸರ್, ತಾತನ ಮಗಳು. ಸಿಸ್ಟರ್ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು. ಫೋನಿನಲ್ಲಿ ನನ್ನ ದನಿ ಹಾಕಿದರು. ಅದೇ ಸಕ್ಕರೆ ಪಾಕ.

ಸರ್ ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು. "ಸುಮ್ನೆ ಎಳೆಯೋದು ಬೇಡ. ಎರಡು ಸಾಲು ಕ್ಷಮಾಪಣೆ ಬರೆದು ಸೈನ್ ಹಾಕು. ನೀನು ಸ್ಟೂಡೆಂಟು, ನಿನಗೇನೂ ಆಗಲ್ಲ. ಸಿಸ್ಟರ್‌ಗೆ ಒಂದು ಮೆಮೊ ಹೋಗುತ್ತೆ, ಅಷ್ಟೆ. ಇವರೂ ದೂರು ವಾಪಸ್ ತಗೋತಾರೆ."

ಎಷ್ಟು ಸುಲಭ ನೋಡು. ನನಗೆ ಬರುವ ಒಂದೇ ವಿದ್ಯೆ ಅದು. ಪೆನ್ ತೆಗೆದುಕೊಂಡೆ. 'ನಾನು' ಎಂದು ಬರೆದೂಬಿಟ್ಟೆ. ಗೋಡೆ ಗಡಿಯಾರದಲ್ಲಿ ಸೆಕೆಂಡ್ ಮುಳ್ಳು ಓಡುತ್ತಿತ್ತು. ಎಂಟು, ಒಂಬತ್ತು, ಹತ್ತು. ಹನ್ನೊಂದು. ಏನೂ ಕೆಂಪಾಗಲಿಲ್ಲ.

ಪೆನ್ ಕೆಳಗಿಟ್ಟೆ. "ಮಾತ್ರೆ ಸರಿಯಾಗಿತ್ತು ಸರ್. ನಾನು ಪಕ್ಕದಲ್ಲೇ ನಿಂತು ನೋಡಿದೀನಿ. ನಾನು ಹೇಳಿದ್ದು ಸುಳ್ಳು."

"ಮತ್ಯಾಕೆ ಹಾಗಂದೆ?" ತಾತನ ಮಗಳು ಕುರ್ಚಿಯಿಂದ ಅರ್ಧ ಎದ್ದರು.

"ಅಭ್ಯಾಸ ಮೇಡಂ. ಏಳು ವರ್ಷ ಕಸ್ಟಮರ್ ಕೇರ್‌ನಲ್ಲಿದ್ದೆ. ಯಾರು ಜೋರು ಮಾಡಿದ್ರೂ ತಪ್ಪು ಒಪ್ಕೊಳ್ಳೋದೇ ಕೆಲಸ."

ಅವರು ನನ್ನನ್ನೇ ನೋಡಿದರು. ಆಮೇಲೆ ಕೂತರು. "ನಿಮ್ಮಂಥವರಿಗೇ ನಾನು ತಿಂಗಳಿಗೊಂದ್ಸಲ ಫೋನಲ್ಲಿ ಬಾಯಿಗೆ ಬಂದಂಗೆ ಬೈಯೋದು," ಎಂದರು. ನಗಲೂ ಇಲ್ಲ, ಬೈಯಲೂ ಇಲ್ಲ. ಚೀಟಿಯನ್ನೂ ಡಾಕ್ಟರ ಬರಹವನ್ನೂ ತರಿಸಿ ತಾವೇ ಓದಿದರು. ದೂರು ವಾಪಸ್ ಪಡೆದರು.

ಸಿಸ್ಟರ್‌ಗೆ ಏನೂ ಇಲ್ಲ. ನನಗೆ ಎಚ್ಚರಿಕೆ ಪತ್ರ, ಮೂರು ವಾರ ವಾರ್ಡಿಗೆ ಹೋಗುವಂತಿಲ್ಲ. ಪ್ರಿನ್ಸಿಪಾಲರಿಗೆ "ಆಗಲಿ ಮೇಡಂ," ಎಂದೆ. ಸಾರಿ ಅನ್ನಲಿಲ್ಲ. ಹೊರಗೆ ಸಿಸ್ಟರ್ ನನ್ನ ಕಾಲರ್ ಸರಿಮಾಡಿ, "ಮೂರು ವಾರ ಆದ್ಮೇಲೆ ನನ್ನ ವಾರ್ಡಿಗೇ ಬಾ, ಬೇರೆ ಕಡೆ ಹೋದ್ರೆ ಕಾಲು ಮುರೀತೀನಿ," ಎಂದರು.

ಮೊಣಕಾಲಿಗೆ ಬಿಸಿ ನೀರಿನ ಶಾಖ ಕೊಡು. ಮೆಟ್ಟಿಲು ಹತ್ತಬೇಡ. ನನಗೆ ನಿನ್ನ ಹಾರೈಕೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಈ ಮೂರು ವಾರಕ್ಕೆ.

ನಿನ್ನ ಮಗಳು,
(ಇಲ್ಲಿಯವರ) ಅಜ್ಜಿ

ಪಿ.ಎಸ್.: ಏಳು ವರ್ಷದ ಅಭ್ಯಾಸ ಎಂದು ಅವರಿಗೆ ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ. ಆಗ ನನಗೆ ಆರು ವರ್ಷ ವಯಸ್ಸು. ಸ್ಕೂಲ್ ಹಾಸ್ಟೆಲಿನ ಗೇಟಿನಲ್ಲಿ ನೀನು ನನ್ನ ಟ್ರಂಕ್ ಇಳಿಸಿದೆ. ನಾನು ನಿನ್ನ ಬ್ಯಾಗಿನ ಹಿಡಿ ಬಿಡದೆ, "ಸಾರಿ ಅಮ್ಮಾ, ಇನ್ಮೇಲೆ ಹಾಗೆ ಮಾಡಲ್ಲ," ಎಂದೆ. ನೀನು ಕೆನ್ನೆ ಸವರಿ, "ಆಯ್ತು, ಜಾಣೆ," ಎಂದು ಬಸ್ಸಿಗೆ ಓಡಿದೆ. ನಿನ್ನ ಮಿಲ್ಲಿನ ಶಿಫ್ಟು, ನನ್ನನ್ನು ನೋಡಿಕೊಳ್ಳುವವರಿಲ್ಲದಿದ್ದದ್ದು, ಎಲ್ಲ ಈಗ ಗೊತ್ತು. ಆದರೆ ಆ 'ಆಯ್ತು' ಇಪ್ಪತ್ತು ವರ್ಷದಿಂದ ನನ್ನ ಕಿವಿಯಲ್ಲಿದೆ. ಹಾಗಾದರೆ ನಾನು ಏನೋ ಮಾಡಿದ್ದೆ ಅಂತಲೇ ಅಲ್ಲವೇ? ಏನು ಮಾಡಿದ್ದೆ ಅಮ್ಮಾ? ಏನೂ ಮಾಡಿರದಿದ್ದರೆ ಅಷ್ಟನ್ನು ಹೇಳು. ಫೋನ್ ಮಾಡು. ಈ ಸಲ ಎತ್ತುತ್ತೇನೆ.