ಬೆಡ್‌ಶೀಟಿನ ಇನ್ನೊಂದು ತುದಿ

ಮನೆಯಿಂದ,
ಭಾನುವಾರ, 14ನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಹಾ ಕುಡಿದೇ ದಿನ ತಳ್ಳುತ್ತೀಯೋ? ನೀನು ಗ್ಯಾರೇಜಿನ ಕೆಲಸ ಬಿಟ್ಟು, ಯಾರಿಗೂ ಹೇಳದೆ ಹೋಗಿ ವರ್ಷವಾಯಿತು. ವಿಳಾಸ ಕೊಟ್ಟದ್ದು ಚಿಕ್ಕಮ್ಮ. ಅವಳ ಮೇಲೆ ಸಿಟ್ಟಾಗಬೇಡ, ನಾನೇ ಬೆನ್ನು ಬಿಡಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ದಿನಾ ನಿನ್ನ ಸೈಕಲ್ಲು ಒರೆಸುತ್ತಾಳೆ. ಯಾಕಮ್ಮಾ ಎಂದರೆ ಧೂಳು ಎನ್ನುತ್ತಾಳೆ.

ನಾನೀಗ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದೇನೆ. ಒಗೆಯುವುದು ಮೆಷಿನ್ನು, ಮಡಚುವುದು ನಾವು. ದೊಡ್ಡ ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಒಬ್ಬಳು ಎತ್ತಿಕೊಂಡರೆ, ಕೈ ಬಿಡುವಾದವಳು ಬಂದು ಇನ್ನೊಂದು ತುದಿ ಹಿಡಿಯುತ್ತಾಳೆ. ಕರೆಯಬೇಕಾಗಿಲ್ಲ.

ಹೋದ ತಿಂಗಳು ಹೊಸ ಹುಡುಗಿಯೊಬ್ಬಳು ಸೇರಿದಳು. ಬಂದ ವಾರವೇ ವಾರ್ಡಿಗೆ ಹಸಿ ಬೆಡ್‌ಶೀಟುಗಳು ಹೋಗಿದ್ದವು. ಮೇಲ್ವಿಚಾರಕರು ಕೇಳಿದಾಗ ಅವಳು, "ಒಣಗೋ ಮುಂಚೆನೇ ಇಸ್ತ್ರಿ ದೊಡ್ಡಮ್ಮ ಕಳಿಸಿಬಿಟ್ರು ಸಾರ್" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಇಸ್ತ್ರಿ ದೊಡ್ಡಮ್ಮ ನಮ್ಮಲ್ಲಿ ಎಲ್ಲರಿಗಿಂತ ಹಳಬಳು. ಮರುದಿನದಿಂದ ಹುಡುಗಿಗೆ ಸತ್ಯಮ್ಮ ಎಂದು ಹೆಸರಾಯಿತು. ಅವಳು ಒಳಗೆ ಬಂದರೆ ಸಾಕು, "ಸತ್ಯಮ್ಮ ಬಂದ್ಳು, ಬಾಯಿಗೆ ಬೀಗ ಹಾಕ್ಕೊಳ್ರಮ್ಮಾ" ಎನ್ನುತ್ತಿದ್ದಳು ದೊಡ್ಡಮ್ಮ. ಯಾರೂ ಬೈಯಲಿಲ್ಲ, ಕೈ ಮಾಡಲಿಲ್ಲ. ಇನ್ನೊಂದು ತುದಿ ಹಿಡಿಯುವುದನ್ನು ಮಾತ್ರ ನಿಲ್ಲಿಸಿದರು. ಅವಳು ಒಂದು ಅಂಚನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು, ಕೈ ಚಾಚಿ, ಒಬ್ಬಳೇ ಮಡಚುತ್ತಿದ್ದಳು. ಬಟ್ಟೆ ನೆಲಕ್ಕೆ ತಾಗಿದರೆ ಮತ್ತೆ ಒಗೆಯಲು ಹಾಕಬೇಕು. ನನ್ನ ಕೈ ಬಿಡುವಿದ್ದಾಗಲೂ ನಾನು ಅತ್ತ ತಿರುಗಲಿಲ್ಲ. ನನ್ನ ಪುಕ್ಕಲುತನ ನಿನಗೆ ಗೊತ್ತಲ್ಲ.

ಬುಧವಾರ ಮೇಲ್ವಿಚಾರಕರು ಅವಳ ರಾಶಿ ನೋಡಿ, "ಎಲ್ರದ್ದೂ ಸೊಂಟದಷ್ಟಿದೆ, ನಿಂದು ಮೊಣಕಾಲಷ್ಟು. ಹೀಗಾದ್ರೆ ಶನಿವಾರದಿಂದ ಬೇರೆ ಕೆಲಸ ನೋಡ್ಕೊಳಮ್ಮ" ಎಂದರು. ಅವಳು ತಲೆ ತಗ್ಗಿಸಿ ನಿಂತಳು. ಗ್ಯಾರೇಜಿನಿಂದ ಬಂದು, ಚಪ್ಪಲಿಯನ್ನೂ ಬಿಡದೆ, ನೀನು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಹಾಗೆಯೇ. ನನ್ನ ಬಾಯಿಂದ ತಾನಾಗಿ ಬಂತು: "ಸಾರ್, ಅವಳಿಗೆ ಇನ್ನೊಂದು ತುದಿ ಹಿಡಿಯೋರಿಲ್ಲ. ಮೂರು ವಾರದಿಂದ ಯಾರೂ ಹಿಡಿದಿಲ್ಲ. ನಾನೂ ಹಿಡಿದಿಲ್ಲ." ಅವರು ನಮ್ಮೆಲ್ಲರ ರಾಶಿಗಳನ್ನು ಇನ್ನೊಮ್ಮೆ ನೋಡಿ ಹೋದರು. ನಾನು ಹೋಗಿ ಅವಳ ಬೆಡ್‌ಶೀಟಿನ ತುದಿ ಹಿಡಿದೆ.

ಶನಿವಾರ ಅವಳನ್ನು ತೆಗೆಯಲಿಲ್ಲ. ಈಗ ಯಾರಿಗೆ ಯಾರು ಜೋಡಿ ಎಂದು ಮೇಲ್ವಿಚಾರಕರೇ ಹೇಳುತ್ತಾರೆ. ದೊಡ್ಡಮ್ಮ ನನ್ನ ಜೊತೆಗೂ ಮಾತು ಬಿಟ್ಟಿದ್ದಾಳೆ. ಊಟದ ಡಬ್ಬಿ ತೆರೆದರೆ ಬೆಂಚಿನಲ್ಲಿ ನಾವಿಬ್ಬರೇ. ಜೊತೆಗೆ ಒಬ್ಬಳಿದ್ದೂ ನನಗೆ ನಾಲ್ಕು ದಿನಕ್ಕೇ ತುತ್ತು ಇಳಿಯುತ್ತಿಲ್ಲ. ನೀನು ಆ ಗ್ಯಾರೇಜಿನಲ್ಲಿ ಒಬ್ಬನೇ ಎಂಟು ತಿಂಗಳು ಹೇಗೆ ತಡೆದೆ ಅಣ್ಣಾ?

ಅಮ್ಮನ ಆಶೀರ್ವಾದ. ಅಲ್ಲಿ ನಿನಗೆ ಊಟ ಹಾಕುವವರಿಗೆ ನನ್ನ ನಮಸ್ಕಾರ.

ನಿನ್ನ
ಇಲಿಮರಿ

ತಾ.ಕ.: ಇದನ್ನು ಬರೆಯದೆ ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. "ಕೇಳಿದ್ರೂ ಯಾರೂ ಸ್ಪ್ಯಾನರ್ ಎತ್ತಿ ಕೊಡಲ್ಲ, ಮಾತೂ ಆಡಲ್ಲ" ಎಂದು ನೀನು ಹೇಳಿದ ದಿನ, "ಮಾತಾಡ್ಸೋಕೆ ಸಂಬಳ ಕೊಡ್ತಾರಾ ಅಣ್ಣಾ? ಮೈಗಳ್ಳತನಕ್ಕೆ ಒಳ್ಳೇ ನೆಪ" ಎಂದವಳು ನಾನು. ಅಮ್ಮ ನಕ್ಕದ್ದೂ ನನ್ನ ಮಾತಿಗೇ. ಆ ವಾರವೇ ನೀನು ಹೋದೆ. ತಪ್ಪು ನನ್ನದು. ಕೆಲಸ ಇರಲಿ ಬಿಡಲಿ, ಮನೆಗೆ ಬಾ. ಸೈಕಲ್ಲಿಗೆ ಗಾಳಿ ಹೊಡೆಸಿಟ್ಟಿದ್ದೇನೆ.